ಸುಳಿವುಗಳ ವಿಳಾಸ

2016ರ ಮೊದಲ ತಿಂಗಳುಗಳಲ್ಲಿ ಕ್ಯೂಎಮು ಎಂಬ ತಂತ್ರಾಂಶದ ಸೋರ್ಸ್ ಕೋಡನ್ನು ಇಳಿಸಿಕೊಂಡವರಿಗೆ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲೇ ‘ಟ್ರೇಸ್-ಇವೆಂಟ್ಸ್’ ಅನ್ನುವ ಫೈಲು ಕಾಣುತ್ತಿತ್ತು. ಸಾವಿರಕ್ಕೂ ಮಿಕ್ಕಿದ ಸಾಲುಗಳು. ಡಿಸ್ಕಿಗೆ ಸಂಬಂಧಿಸಿದ್ದು, ನೆಟ್‌ವರ್ಕ್ ಕಾರ್ಡಿನದು, ಯುಎಸ್‌ಬಿಯದು, ಧ್ವನಿಯದು, ಪರದೆಯದು, ಎಲ್ಲವೂ ಅದೊಂದರಲ್ಲೇ. ಆ ವರ್ಷದ ಜೂನಿನಲ್ಲಿ ಅದನ್ನು ಒಡೆದು ಹತ್ತಾರು ಫೋಲ್ಡರುಗಳಿಗೆ ಹಂಚಿದರು. ಬಳಕೆದಾರರಿಗೆ ಇದು ಗೊತ್ತೂ ಆಗಲಿಲ್ಲ. ಕ್ಯೂಎಮು ಹಿಂದೆ ಏನು ಮಾಡುತ್ತಿತ್ತೋ ಅದನ್ನೇ ಮಾಡಿಕೊಂಡು ಹೋಯಿತು. ಆದರೂ ನೂರಾರು ಜನ ಸೇರಿ ಒಂದು ದೊಡ್ಡ ತಂತ್ರಾಂಶವನ್ನು ವರ್ಷಗಟ್ಟಲೆ ಹೇಗೆ ಸಾಕುತ್ತಾರೆ ಎಂದು ತಿಳಿಯಬಯಸುವವರಿಗೆ ನಾನು ತೋರಿಸುವುದು ಈ ಒಂದು ಫೈಲಿನ ಕಥೆಯನ್ನೇ.

ಕ್ಯೂಎಮು ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ವೇಷ ಹಾಕುವ ತಂತ್ರಾಂಶ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಇದನ್ನು ಹೊರತಂದರು. 2007ರಲ್ಲಿ ಲಿನಕ್ಸ್ ಕರ್ನಲ್‌ಗೆ, ಇಂಥ ಒಳಗಿನ ಯಂತ್ರಗಳನ್ನು ಪ್ರೊಸೆಸರಿನ ನೆರವಿನಿಂದ ಓಡಿಸುವ ಕೆವಿಎಂ ಸೇರಿದ ಮೇಲೆ ಇವೆರಡೂ ಜೋಡಿಯಾದವು. ಇವತ್ತು ಬಾಡಿಗೆಗೆ ಸಿಗುವ ಎಷ್ಟೋ ಕ್ಲೌಡ್ ಯಂತ್ರಗಳ ಅಡಿಯಲ್ಲಿ ದುಡಿಯುತ್ತಿರುವುದು ಈ ಜೋಡಿ. ಒಳಗಿನ ಯಂತ್ರ ತಾನು ನಿಜವಾದ ಡಿಸ್ಕಿಗೇ ಬರೆಯುತ್ತಿದ್ದೇನೆ ಎಂದುಕೊಂಡಿರುತ್ತದೆ. ಅದರ ಕೋರಿಕೆಯನ್ನು ಇಸಿದುಕೊಂಡು, ಹೊರಗಿನ ಯಂತ್ರದ ಯಾವುದೋ ಫೈಲಿಗೆ ಬರೆದು, ‘ಆಯಿತು’ ಎಂದು ಉತ್ತರ ಕೊಡುವುದು ಕ್ಯೂಎಮು ಕೆಲಸ.

ಈ ಉತ್ತರ ಒಮ್ಮೊಮ್ಮೆ ತಡವಾಗುತ್ತದೆ. ಯಾಕೆ? ತಪ್ಪು ಒಳಗಿನ ಯಂತ್ರದ್ದೋ, ಕ್ಯೂಎಮುವಿನದ್ದೋ, ಹೊರಗಿನ ಡಿಸ್ಕಿನದ್ದೋ? ಪ್ರೋಗ್ರಾಮ್ ಬರೆಯಲು ಕಲಿತ ಎಲ್ಲರಿಗೂ ಗೊತ್ತಿರುವ ಉಪಾಯವೆಂದರೆ ಅನುಮಾನ ಬಂದ ಕಡೆ ಒಂದು ‘ಪ್ರಿಂಟ್’ ಸಾಲು ಸೇರಿಸಿ, ಮತ್ತೆ ಕಂಪೈಲ್ ಮಾಡಿ, ಮತ್ತೆ ಓಡಿಸಿ ನೋಡುವುದು. ಗಿರಾಕಿಯ ಕೆಲಸ ನಡೆಯುತ್ತಿರುವ ಯಂತ್ರವನ್ನು ಹಾಗೆ ನಿಲ್ಲಿಸುವಂತಿಲ್ಲ. ನಿಲ್ಲಿಸಿ ಮತ್ತೆ ಚಾಲೂ ಮಾಡಿದರೂ ಅದೇ ತೊಂದರೆ ಮತ್ತೆ ಕಾಣಿಸಿಕೊಳ್ಳುವ ಭರವಸೆಯಿಲ್ಲ. ಹಾಗಾಗಿ ಕೋಡು ಬರೆಯುವಾಗಲೇ, ಮುಂದೆ ಯಾರಿಗಾದರೂ ಬೇಕಾಗಬಹುದಾದ ಜಾಗಗಳಲ್ಲೆಲ್ಲ ಇಂಥ ಸಾಲುಗಳನ್ನು ಇಟ್ಟು ಮುಚ್ಚಿರಬೇಕು. ಕಾಲುವೆಯುದ್ದಕ್ಕೂ ತೂಬು ಕಟ್ಟಿಟ್ಟು, ನೀರು ಬೇಕಾದಾಗ ಬೇಕಾದ ತೂಬನ್ನಷ್ಟೇ ಎತ್ತಿದ ಹಾಗೆ. ಇಂಥ ಒಂದೊಂದು ಜಾಗಕ್ಕೂ ಟ್ರೇಸ್ ಇವೆಂಟ್ ಎಂದು ಹೆಸರು.

ಮುಚ್ಚಿದ್ದಾಗ ಅದಕ್ಕೆ ಖರ್ಚು ತಗಲಬಾರದು, ಇದು ಮೊದಲ ಷರತ್ತು. ಲಿನಕ್ಸ್ ಕರ್ನಲ್ ಇದನ್ನು ತೀರ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಮುಚ್ಚಿದ ಇವೆಂಟಿನ ಜಾಗದಲ್ಲಿ ‘ಏನೂ ಮಾಡಬೇಡ’ ಎನ್ನುವ ಕೆಲವೇ ಬೈಟಿನ ಒಂದು ಸೂಚನೆ ಮಾತ್ರ ಕುಳಿತಿರುತ್ತದೆ. ಇವೆಂಟನ್ನು ತೆರೆದ ಕೂಡಲೇ ಕರ್ನಲ್ ಓಡುತ್ತಿರುವ ತನ್ನದೇ ಕೋಡನ್ನು ತಿದ್ದಿ, ಆ ಜಾಗಕ್ಕೆ ಒಂದು ಜಿಗಿತದ ಸೂಚನೆಯನ್ನು ಬರೆಯುತ್ತದೆ. ಕ್ಯೂಎಮು ಅಷ್ಟು ದೂರ ಹೋಗುವುದಿಲ್ಲ. ತೆರೆದಿದೆಯೋ ಮುಚ್ಚಿದೆಯೋ ಎಂದು ನೆನಪಿನಲ್ಲಿರುವ ಒಂದು ಗುರುತನ್ನು ನೋಡಿ ಮುಂದೆ ಸಾಗುತ್ತದೆ.

ಕ್ಯೂಎಮುಗೆ ಈ ವ್ಯವಸ್ಥೆ ಬಂದದ್ದು 2010ರಲ್ಲಿ. ಸೇರಿಸಿದವರು ಆಗ ಐಬಿಎಂನಲ್ಲಿದ್ದ ಸ್ಟೆಫಾನ್ ಹೈನೋಟ್ಸಿ. ಕ್ಯೂಎಮು ಓಡುತ್ತಿರುವಾಗಲೇ ಒಂದೊಂದು ಇವೆಂಟನ್ನು ತೆರೆಯುವ, ಮುಚ್ಚುವ ಸೌಲಭ್ಯದ ಕೋಡು ಅದೇ ಕಂಪನಿಯ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರಿನಿಂದ ಬಂತು. ಟ್ರೇಸಿಂಗ್ ಉಪಯೋಗಕ್ಕೆ ಬರುವುದೇ ಈ ಸೌಲಭ್ಯದಿಂದ. ಆದ್ದರಿಂದ ಇದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಇಂಥ ಇವೆಂಟುಗಳ ಪಟ್ಟಿಯೇ ಮೊದಲು ಹೇಳಿದ ಟ್ರೇಸ್-ಇವೆಂಟ್ಸ್ ಫೈಲು. ಈಗ ಅದರ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ‘ವರ್ಟಿಯೋ_ಬ್ಲಾಕ್_ರಿಕ್ವೆಸ್ಟ್_ಕಂಪ್ಲೀಟ್’ ಎನ್ನುವ ಅರ್ಥದ ಹೆಸರೊಂದು ಎಡಗಡೆ ಇರುತ್ತದೆ. ಡಿಸ್ಕಿನ ಒಂದು ಕೋರಿಕೆ ಮುಗಿಯಿತು ಎಂದು ಅದರ ತಾತ್ಪರ್ಯ. ಅದರ ಪಕ್ಕದ ಆವರಣದಲ್ಲಿ ಮೂರು ಮಾಹಿತಿ: ಯಾವ ಸಾಧನ, ಯಾವ ಕೋರಿಕೆ, ಫಲಿತಾಂಶ ಏನು. ಕೊನೆಗೆ ಉದ್ಧರಣ ಚಿಹ್ನೆಗಳ ನಡುವೆ, ಈ ಮೂರನ್ನೂ ಮನುಷ್ಯರು ಓದುವಂತೆ ಹೇಗೆ ಅಚ್ಚಿಸಬೇಕು ಎಂಬ ನಮೂನೆ. ಅಲ್ಲಿಗೆ ಸಾಲು ಮುಗಿಯಿತು. ಇದು ಸಿ ಭಾಷೆಯ ಕೋಡಲ್ಲ, ಬರಿಯ ವಿವರಣೆ. ಕ್ಯೂಎಮುವನ್ನು ಬಿಲ್ಡ್ ಮಾಡುವಾಗ ‘ಟ್ರೇಸ್‌ಟೂಲ್’ ಎಂಬ ಪೈಥಾನ್ ಸ್ಕ್ರಿಪ್ಟು ಇದನ್ನು ಓದಿ ಬೇಕಾದ ಸಿ ಕೋಡನ್ನು ತಾನೇ ಬರೆಯುತ್ತದೆ. ಅಚ್ಚಿಸುವ ಜಾಗ ಯಾವುದು ಎಂಬುದೂ ಆಗಲೇ ತೀರ್ಮಾನವಾಗುತ್ತದೆ. ಸಾಮಾನ್ಯ ಲಾಗ್ ಆಗಬಹುದು, ಕ್ಯೂಎಮುವಿನ ಸ್ವಂತ ಬೈನರಿ ಫೈಲಾಗಬಹುದು, ಲಿನಕ್ಸಿನ ಎಫ್‌ಟ್ರೇಸ್ ಆಗಬಹುದು, ಸನ್ ಮೈಕ್ರೋಸಿಸ್ಟಮ್ಸ್‌ನವರು 2005ರಲ್ಲಿ ಸೋಲಾರಿಸ್ 10ರ ಜೊತೆ ಕೊಟ್ಟ ಡಿಟ್ರೇಸ್‌ನ ಮಾದರಿಯೂ ಆಗಬಹುದು. ಡಿಸ್ಕಿನ ಕೋಡು ಬರೆದವರು ಇದಾವುದನ್ನೂ ತಿಳಿದಿರಬೇಕಾಗಿಲ್ಲ. ಒಂದು ಸಾಲಿನ ವಿವರಣೆ, ಕೋಡಿನಲ್ಲಿ ಒಂದು ಕರೆ, ಇಷ್ಟರಲ್ಲಿ ಅವರ ಕೆಲಸ ಮುಗಿಯಿತು. ಇಷ್ಟು ಹಗುರವಾದ್ದರಿಂದಲೇ ಜನ ಇವೆಂಟುಗಳನ್ನು ಧಾರಾಳವಾಗಿ ಸೇರಿಸಿದರು.

ತೊಂದರೆ ಶುರುವಾದದ್ದೂ ಆ ಧಾರಾಳದಿಂದಲೇ. ಹೊಸ ವ್ಯವಸ್ಥೆಯೊಂದು ಬಂದಾಗ ಅದರ ವಿವರಣೆಗಳೆಲ್ಲ ಒಂದೇ ಫೈಲಿನಲ್ಲಿರುವುದು ತೀರ ಸಹಜ. ಇವೆಂಟುಗಳು ಹತ್ತಿಪ್ಪತ್ತು ಇರುವಾಗ ಒಂದು ಕಣ್ಣು ಹಾಯಿಸಿದರೆ ಎಲ್ಲ ಕಾಣುತ್ತದೆ. ಸಾವಿರ ದಾಟಿದ ಮೇಲೆ ಆ ಫೈಲನ್ನು ಯಾರೂ ಓದುವುದಿಲ್ಲ, ಎಲ್ಲರೂ ತಿದ್ದುತ್ತಾರೆ. ಯುಎಸ್‌ಬಿ ಕೋಡು ನೋಡಿಕೊಳ್ಳುವವರು ಒಂದು ಕಡೆ, ಧ್ವನಿ ಸಾಧನದವರು ಇನ್ನೊಂದು ಕಡೆ ಸಾಲು ಸೇರಿಸುತ್ತಾರೆ. ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಎರಡನ್ನೂ ಒಟ್ಟುಗೂಡಿಸುವ ಹೊತ್ತಿಗೆ ಈ ಫೈಲಿನಲ್ಲಿ ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ತಾನಾಗಿ ಬೆಸೆಯಲಾಗದ ಬದಲಾವಣೆಗಳ ಜಗಳ, ಹುಟ್ಟುತ್ತದೆ. ಯಾವ ಫೈಲಿಗೆ ಯಾರು ಜವಾಬ್ದಾರರು ಎಂದು ಹೇಳುವ ‘ಮೇಂಟೇನರ್ಸ್’ ಪಟ್ಟಿ ಇಂಥ ಯೋಜನೆಗಳಲ್ಲಿ ಇರುತ್ತದೆ. ಫೈಲಿನ ಹಾದಿ ನೋಡಿ ಪರಿಶೀಲಕರನ್ನು ಹುಡುಕಿಕೊಡುವ ಸ್ಕ್ರಿಪ್ಟಿಗೆ, ಬೇರಿನ (ರೂಟ್), ಅಂದರೆ ಎಲ್ಲಕ್ಕಿಂತ ಮೇಲಿನ, ಫೋಲ್ಡರಿನ ಈ ಫೈಲನ್ನು ತಿದ್ದಿದ ಯಾರೇ ಆದರೂ ಟ್ರೇಸಿಂಗ್‌ನವರ ಬಳಿಗೇ ಬಂದಂತೆ ಕಾಣುತ್ತದೆ. ನೆಟ್‌ವರ್ಕ್ ಕಾರ್ಡಿನ ಒಂದು ಸಾಲು ಸರಿಯಿದೆಯೇ ಎಂದು ಹೇಳಬೇಕಾದವರು ನೆಟ್‌ವರ್ಕ್ ಕಾರ್ಡ್ ಬಲ್ಲವರು. ಟ್ರೇಸಿಂಗ್ ಯಂತ್ರಾಂಗ ಕಟ್ಟಿದವರು ಅದಕ್ಕೆ ಏನೆಂದಾರು?

ಇವೆರಡನ್ನು ಹೇಗೋ ಸಹಿಸಿಕೊಳ್ಳಬಹುದು. ಮೂರನೆಯದು ಎಲ್ಲರ ಸಮಯವನ್ನೂ ತಿನ್ನುತ್ತಿತ್ತು. ಅದಕ್ಕೆ ಸಿ ಭಾಷೆಯ ಒಂದು ಹಳೆಯ ಗುಣ ಕಾರಣ.

ಸಿ ಭಾಷೆಯಲ್ಲಿ ಒಂದು ಫೈಲು ಇನ್ನೊಂದರ ವಿಚಾರ ತಿಳಿಯುವುದು ಹೆಡರ್ ಫೈಲುಗಳ ಮೂಲಕ. ಹೆಡರನ್ನು ‘ಇನ್‌ಕ್ಲೂಡ್’ ಮಾಡುವುದೆಂದರೆ ಅದರ ಅಷ್ಟೂ ಅಕ್ಷರಗಳನ್ನು ಆ ಜಾಗಕ್ಕೆ ತಂದು ಸುರಿಯುವುದು. ಆದ್ದರಿಂದ ಹೆಡರಿನಲ್ಲಿ ಒಂದಕ್ಷರ ಬದಲಾದರೂ ಅದನ್ನು ಸೇರಿಸಿಕೊಂಡ ಪ್ರತಿ ಫೈಲನ್ನೂ ಮತ್ತೆ ಕಂಪೈಲ್ ಮಾಡಬೇಕು. ಬದಲಾದ ಅಕ್ಷರ ಈ ಫೈಲಿಗೆ ಬೇಕಿತ್ತೋ ಇಲ್ಲವೋ ಎಂದು ಬಿಲ್ಡ್ ವ್ಯವಸ್ಥೆ ಕೇಳುವುದಿಲ್ಲ. ಅದು ನೋಡುವುದು ಯಾವ ಫೈಲು ಯಾವಾಗ ಬದಲಾಯಿತು ಎಂಬುದನ್ನಷ್ಟೇ. ಒಂದೇ ಟ್ರೇಸ್-ಇವೆಂಟ್ಸ್ ಫೈಲು ಇದ್ದಾಗ ಅದರಿಂದ ಹುಟ್ಟುತ್ತಿದ್ದ ಹೆಡರೂ ಒಂದೇ. ಇವೆಂಟು ಬಳಸುವ ಪ್ರತಿ ಫೈಲೂ ಆ ಹೆಡರನ್ನೇ ಸೇರಿಸಿಕೊಳ್ಳುತ್ತಿತ್ತು, ಬೇರೆ ಹೆಡರುಗಳ ಮೂಲಕ ಇನ್ನೂ ಎಷ್ಟೋ ಫೈಲುಗಳಿಗೆ ಅದು ಹರಿದುಹೋಗುತ್ತಿತ್ತು. ಧ್ವನಿ ಸಾಧನಕ್ಕೆ ಒಂದು ಇವೆಂಟ್ ಸೇರಿಸಿದರೆ ಡಿಸ್ಕಿನ ಕೋಡೂ, ನೆಟ್‌ವರ್ಕಿನ ಕೋಡೂ, ಪರದೆಯ ಕೋಡೂ ಮತ್ತೆ ಕಂಪೈಲ್ ಆಗಬೇಕು. ಸಾಲದ್ದಕ್ಕೆ ಕ್ಯೂಎಮು ಇಂಟೆಲ್, ಆರ್ಮ್, ಪವರ್‌ಪಿಸಿ ಹೀಗೆ ಹಲವು ಪ್ರೊಸೆಸರುಗಳ ವೇಷ ಹಾಕುವುದರಿಂದ, ಕೆಲವು ಫೈಲುಗಳು ಒಂದೊಂದು ಪ್ರೊಸೆಸರಿಗೂ ಒಂದೊಂದು ಸಲ ಕಂಪೈಲ್ ಆಗುತ್ತವೆ. ಹೊಸ ಹೆಡರು ಹಳೆಯದರಂತೆಯೇ ಇದ್ದರೆ ಅದನ್ನು ಮುಟ್ಟದೆ ಬಿಡುವ ಒಂದು ಜಾಣ ಏರ್ಪಾಡು ಬಿಲ್ಡ್‌ನಲ್ಲಿತ್ತು. ನಿಜವಾಗಿ ಒಂದು ಇವೆಂಟ್ ಸೇರಿದಾಗ ಅದರಿಂದ ಪ್ರಯೋಜನವಿರಲಿಲ್ಲ.

ಇದರ ಪರಿಣಾಮವನ್ನು ಯಾವ ಅಂಕಿಯೂ ಪೂರ್ತಿ ಹೇಳಲಾರದು. ಒಂದು ಸಾಲು ಸೇರಿಸಿದರೆ ಬಹುಪಾಲು ತಂತ್ರಾಂಶ ಮತ್ತೆ ಬಿಲ್ಡ್ ಆಗುತ್ತದೆ ಎಂದು ಗೊತ್ತಿರುವ ಎಂಜಿನಿಯರು ಆ ಸಾಲನ್ನು ಸೇರಿಸಲು ಹಿಂದೆಮುಂದೆ ನೋಡುತ್ತಾನೆ. ತಾತ್ಕಾಲಿಕವಾಗಿ ಒಂದು ಪ್ರಿಂಟ್ ಹಾಕಿ, ದೋಷ ಹುಡುಕಿ, ಅದನ್ನು ಅಳಿಸಿ ಮುಂದೆ ಹೋಗುತ್ತಾನೆ. ಮುಂದೊಂದು ದಿನ ಇನ್ನೊಬ್ಬರಿಗೆ ದಾರಿ ತೋರಿಸಬಹುದಾಗಿದ್ದ ಸುಳಿವು ಅಲ್ಲಿಗೆ ಇಲ್ಲವಾಗುತ್ತದೆ. ಫೈಲನ್ನು ಎಲ್ಲಿಡಬೇಕು ಎಂಬ ಒಣ ವಿಷಯಕ್ಕೆ ಒಂದಿಡೀ ಅಧ್ಯಾಯ ಕೊಡಲು ನನಗಿರುವ ಕಾರಣ ಇದೇ. ವಿವರಣೆಯ ವಿಳಾಸ ತಪ್ಪಿದ್ದರೆ ಜನ ವಿವರಣೆಯನ್ನೇ ಬರೆಯುವುದಿಲ್ಲ.

ರೆಡ್ ಹ್ಯಾಟ್ ಕಂಪನಿಯ ಡೇನಿಯಲ್ ಬೆರಾಂಜ್ ಇದನ್ನು ಎರಡು ಹಂತದಲ್ಲಿ ಬಿಡಿಸಿದರು. ಮೊದಲ ಹಂತ 2016ರ ಜೂನಿನದು. ಕ್ರಿಪ್ಟೋ ಫೋಲ್ಡರಿನ ಇವೆಂಟುಗಳು ಕ್ರಿಪ್ಟೋ ಫೋಲ್ಡರಿಗೆ, ಬ್ಲಾಕ್ ಸಾಧನಗಳವು ಆ ಫೋಲ್ಡರಿಗೆ, ಯುಎಸ್‌ಬಿಯವು ಯುಎಸ್‌ಬಿಗೆ, ಹೀಗೆ ಒಂದೊಂದು ಫೋಲ್ಡರಿಗೂ ಅದರದೇ ಟ್ರೇಸ್-ಇವೆಂಟ್ಸ್ ಫೈಲು ಬಂತು. ಒಂದೊಂದು ಫೋಲ್ಡರಿನ ಬದಲಾವಣೆ ಒಂದೊಂದು ಬೇರೆ ಪ್ಯಾಚ್. ಬಿಲ್ಡ್ ಮಾತ್ರ ಹಳೆಯ ರೀತಿಯಲ್ಲೇ ನಡೆಯುತ್ತಿತ್ತು: ಚದುರಿದ ಫೈಲುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ‘ಟ್ರೇಸ್-ಇವೆಂಟ್ಸ್-ಆಲ್’ ಎಂಬ ಒಂದು ಫೈಲು ಮಾಡುವುದು, ಅದರಿಂದ ಎಂದಿನಂತೆ ಒಂದೇ ಹೆಡರು ಹುಟ್ಟಿಸುವುದು. ಮರ್ಜ್ ಜಗಳ ನಿಂತಿತು, ಪರಿಶೀಲನೆ ಸರಿಯಾದವರ ಕೈ ಸೇರಿತು. ಮರುಬಿಲ್ಡಿನ ಕಾಟ ಹಾಗೇ ಉಳಿಯಿತು. ಅರ್ಧ ಕೆಲಸ ಮುಗಿದ ಕಡೆ ನಿಂತು ಉಸಿರು ತೆಗೆದುಕೊಳ್ಳುವ ಈ ಕ್ರಮ ನನಗೆ ಬಹಳ ಮೆಚ್ಚುಗೆ. ನೂರಾರು ಜನ ದಿನವೂ ತಿದ್ದುತ್ತಿರುವ ಮನೆಯಲ್ಲಿ ಎಲ್ಲವನ್ನೂ ಒಂದೇ ಸಲ ಕಿತ್ತು ಹಾಕಲು ಆಗುವುದಿಲ್ಲ.

ಎರಡನೆಯ ಹಂತಕ್ಕೆ ಅಡ್ಡ ಬಂದದ್ದು ಸಂಖ್ಯೆ. ಪ್ರತಿ ಇವೆಂಟಿಗೂ ಒಂದು ಕ್ರಮಸಂಖ್ಯೆ ಇತ್ತು, ಅದು ಬಿಲ್ಡ್ ಆಗುವಾಗಲೇ ನಿಗದಿಯಾಗುತ್ತಿತ್ತು. ಎಲ್ಲ ಇವೆಂಟುಗಳೂ ಒಂದೇ ಪಟ್ಟಿಯಲ್ಲಿದ್ದರೆ ಒಂದರಿಂದ ಕೊನೆಯವರೆಗೆ ಎಣಿಸಿ ಕೊಡಬಹುದು. ಪಟ್ಟಿಯೇ ಇಲ್ಲದಿದ್ದರೆ ಎಣಿಸುವವರು ಯಾರು? ಜೊತೆಗೆ ಈ ಸಂಖ್ಯೆಗಳಿಂದ ಇನ್ನೊಂದು ಕಿರಿಕಿರಿ ಮೊದಲಿನಿಂದಲೂ ಇತ್ತು. ಬೈನರಿ ಟ್ರೇಸ್ ಫೈಲಿನಲ್ಲಿ ಜಾಗ ಉಳಿಸಲು ಹೆಸರಿನ ಬದಲು ಸಂಖ್ಯೆಯನ್ನೇ ಬರೆಯುತ್ತಿದ್ದರು. ಪಟ್ಟಿಯ ನಡುವೆ ಯಾರಾದರೂ ಒಂದು ಇವೆಂಟ್ ತೂರಿಸಿದರೆ ಅದರ ಕೆಳಗಿನವುಗಳ ಸಂಖ್ಯೆಯೆಲ್ಲ ಒಂದೊಂದು ಸ್ಥಾನ ಜಾರುತ್ತಿತ್ತು. ಹಾಗಾಗಿ ಟ್ರೇಸನ್ನು ಯಾವ ಬಿಲ್ಡಿನಲ್ಲಿ ಹಿಡಿದರೋ ಅದೇ ಬಿಲ್ಡಿನ ಪಟ್ಟಿಯಿಟ್ಟುಕೊಂಡೇ ಓದಬೇಕಿತ್ತು. ಇಲ್ಲದಿದ್ದರೆ ಡಿಸ್ಕಿನ ಮಾತು ನೆಟ್‌ವರ್ಕಿನ ಬಾಯಲ್ಲಿ ಬರುತ್ತಿತ್ತು.

ಪರಿಹಾರ ಹೀಗಾಯಿತು. ಬಿಲ್ಡ್ ಸಮಯದ ಸಂಖ್ಯೆಗಳನ್ನು ಕೈಬಿಟ್ಟರು. ಕ್ಯೂಎಮು ಚಾಲೂ ಆಗುವಾಗ ಒಂದೊಂದು ಫೋಲ್ಡರಿನ ಇವೆಂಟುಗಳ ಗುಂಪು ಬಂದು ತನ್ನನ್ನು ನೋಂದಾಯಿಸಿಕೊಳ್ಳುತ್ತದೆ, ಆಗ ಸಂಖ್ಯೆ ಸಿಗುತ್ತದೆ. ಟ್ರೇಸ್ ಫೈಲಿನೊಳಗೆ ಯಾವ ಸಂಖ್ಯೆ ಯಾವ ಹೆಸರಿನದು ಎಂಬ ಕೋಷ್ಟಕವನ್ನೂ ಬರೆಯತೊಡಗಿದರು. ಸಂಖ್ಯೆ ಆ ಒಂದು ಓಟಕ್ಕೆ ಸೀಮಿತವಾದ ಅಡ್ಡಹೆಸರಾಯಿತು, ಹೆಸರೇ ನಿಜವಾದ ಗುರುತಾಯಿತು. ಇಷ್ಟು ಆದ ಮೇಲೆ ಒಂದೊಂದು ಫೋಲ್ಡರಿಗೂ ಪ್ರತ್ಯೇಕ ಹೆಡರು ಹುಟ್ಟಿಸುವುದಕ್ಕೆ ಅಡ್ಡಿಯಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಬಂದ 2.9ನೆಯ ಆವೃತ್ತಿಯಲ್ಲಿ ಅದು ಸೇರಿತ್ತು. ಧ್ವನಿ ಸಾಧನಕ್ಕೆ ಇವೆಂಟ್ ಸೇರಿಸಿದರೆ ಧ್ವನಿ ಫೋಲ್ಡರಿನ ಫೈಲುಗಳಷ್ಟೇ ಮತ್ತೆ ಕಂಪೈಲ್ ಆಗುವ ಕಾಲ ಬಂತು.

ಬೇರಿನ ಫೋಲ್ಡರಿನ ಹಳೆಯ ಫೈಲು ಪೂರ್ತಿ ಮಾಯವಾಗಲಿಲ್ಲ. ಹಲವು ಕಡೆ ಹಂಚಿಕೊಳ್ಳುವ ಕೆಲವು ಇವೆಂಟುಗಳಿಗೆ ಅದು ಉಳಿದಿದೆ. ಉಳಿದಂತೆ ನಿಯಮ ಸ್ಪಷ್ಟ: ಇವೆಂಟನ್ನು ಬಳಸುವ ಫೋಲ್ಡರಿನಲ್ಲೇ ಅದರ ವಿವರಣೆ ಇರಬೇಕು, ಇನ್ನೊಂದು ಫೋಲ್ಡರಿನ ಟ್ರೇಸ್ ಹೆಡರಿಗೆ ಕೈ ಹಾಕಬಾರದು. ಫೋಲ್ಡರಿನೊಳಗೂ ಒಂದು ಶಿಸ್ತಿದೆ. ಯಾವ ಸೋರ್ಸ್ ಫೈಲಿನ ಇವೆಂಟುಗಳು ಎಂದು ಒಂದು ಟಿಪ್ಪಣಿ ಸಾಲು ಬರೆದು ಅದರ ಕೆಳಗೆ ಅವನ್ನು ಸೇರಿಸುತ್ತಾರೆ. ಜಾಗ ತಪ್ಪಿದ ಇವೆಂಟುಗಳನ್ನು ಮತ್ತೆ ಜೋಡಿಸಲು, ಯಾರೂ ಬಳಸದವನ್ನು ಎತ್ತಿ ತೋರಿಸಲು ಒಂದು ಸ್ಕ್ರಿಪ್ಟೂ ಇದೆ.

ಹಂಚಿಹೋದ ಮೇಲೆ ಇವೆಲ್ಲ ಒಂದೇ ಮನೆಯವು ಎಂದು ತೋರಿಸುವುದು ಹೆಸರಿನ ಮೊದಲ ಭಾಗ. ಬಳಕೆದಾರರು ಕ್ಯೂಎಮುವನ್ನು ಶುರುಮಾಡುವಾಗ ‘ವರ್ಟಿಯೋ’ ಎಂದು ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಆ ಅಕ್ಷರಗಳಿಂದ ಶುರುವಾಗುವ ಎಲ್ಲ ಇವೆಂಟುಗಳೂ ತೆರೆದುಕೊಳ್ಳುತ್ತವೆ. ಅವು ಬ್ಲಾಕ್ ಫೋಲ್ಡರಿನಲ್ಲಿವೆಯೋ, ನೆಟ್‌ವರ್ಕ್ ಫೋಲ್ಡರಿನಲ್ಲಿವೆಯೋ ಅವರಿಗೆ ಬೇಡ. ಹಾಗಾಗಿ ಹೆಸರಿಡುವಾಗ ಅವಸರ ಮಾಡುವುದು ದೊಡ್ಡ ತಪ್ಪು. ಬರಿಯ ‘ರೀಡ್’ ಎಂದು ಹೆಸರಿಟ್ಟ ಇವೆಂಟ್ ಯಾವ ಸಾಧನದ ಹುಡುಕಾಟದಲ್ಲೂ ಸಿಗುವುದಿಲ್ಲ.

ಲಿನಕ್ಸ್ ಕರ್ನಲ್ ಇದೇ ಪ್ರಶ್ನೆಗೆ ಬೇರೆ ಹಾದಿ ಹಿಡಿಯಿತು. ಅಲ್ಲಿ ಪೈಥಾನ್ ಸ್ಕ್ರಿಪ್ಟಿಲ್ಲ, ಬೇರೆ ಭಾಷೆಯ ವಿವರಣೆಯೂ ಇಲ್ಲ. ಸ್ಟೀವನ್ ರಾಸ್ಟೆಟ್ 2009ರಲ್ಲಿ ‘ಟ್ರೇಸ್_ಇವೆಂಟ್’ ಎಂಬ ಮ್ಯಾಕ್ರೋ ರೂಪಿಸಿದರು. ಇವೆಂಟಿನ ವಿವರಣೆ ಸಿ ಹೆಡರಿನಲ್ಲೇ ಇರುತ್ತದೆ, ಆ ಹೆಡರನ್ನು ಕಂಪೈಲರು ಮತ್ತೆ ಮತ್ತೆ ಓದುತ್ತದೆ. ಒಂದೊಂದು ಓದಿಗೂ ಮೊದಲು ಮ್ಯಾಕ್ರೋದ ಅರ್ಥವನ್ನು ಬದಲಿಸಿರುತ್ತಾರೆ. ಒಂದು ಓದಿನಲ್ಲಿ ಅದೇ ಅಕ್ಷರಗಳು ಮಾಹಿತಿ ಇಡುವ ಪೆಟ್ಟಿಗೆಯ ವಿನ್ಯಾಸವಾಗುತ್ತವೆ, ಮತ್ತೊಂದರಲ್ಲಿ ಪೆಟ್ಟಿಗೆ ತುಂಬುವ ಕೋಡಾಗುತ್ತವೆ, ಇನ್ನೊಂದರಲ್ಲಿ ಅಚ್ಚಿಸುವ ಕೋಡಾಗುತ್ತವೆ. ಈ ಬಹುಓದು ನಡೆಯಬೇಕಾದದ್ದು ಒಂದೇ ಒಂದು ಸಿ ಫೈಲಿನಲ್ಲಿ. ಆ ಫೈಲು ‘ಕ್ರಿಯೇಟ್_ಟ್ರೇಸ್_ಪಾಯಿಂಟ್ಸ್’ ಎಂದು ಮೊದಲೇ ಘೋಷಿಸಿರಬೇಕು. ಯಾರೂ ಘೋಷಿಸದಿದ್ದರೆ ಕೋಡು ಹುಟ್ಟುವುದೇ ಇಲ್ಲ, ಇಬ್ಬರು ಘೋಷಿಸಿದರೆ ಎರಡು ಸಲ ಹುಟ್ಟಿ ಲಿಂಕರು ತಕರಾರು ತೆಗೆಯುತ್ತದೆ. ಸಿ ಭಾಷೆಯನ್ನು ಬಗ್ಗಿಸಿ ಇಷ್ಟು ದುಡಿಸಿಕೊಂಡ ಇನ್ನೊಂದು ಕಡೆಯನ್ನು ನಾನು ಕಂಡಿಲ್ಲ.

ವಿಳಾಸದ ವಿಷಯದಲ್ಲಿ ಕರ್ನಲ್ ಎರಡಕ್ಕೂ ಎಡೆ ಕೊಟ್ಟಿದೆ. ‘ಇನ್‌ಕ್ಲೂಡ್’ ಫೋಲ್ಡರಿನೊಳಗೆ ‘ಟ್ರೇಸ್’, ಅದರೊಳಗೆ ‘ಇವೆಂಟ್ಸ್’ ಎಂಬ ನಡುಮನೆಯಿದೆ. ಯಾವ ಪ್ರೋಗ್ರಾಮಿಗೆ ಪ್ರೊಸೆಸರು ಸಿಕ್ಕಿತು ಎಂದು ಹೇಳುವ ಷೆಡ್ಯೂಲರಿನ ಇವೆಂಟುಗಳು, ಇಂಟರಪ್ಟಿನವು, ಟೈಮರಿನವು ಅಲ್ಲಿವೆ. ಇಡೀ ಕರ್ನಲ್‌ಗೆ ಸೇರಿದ ವಿಷಯಗಳು ಅಲ್ಲಿರುವುದು ಸರಿಯೇ. ಆದರೆ ಫೈಲ್ ಸಿಸ್ಟಮ್‌ಗಳನ್ನು ನೋಡಿ. ಎಕ್ಸ್ಟ್4ನ ಇವೆಂಟುಗಳು ಈ ನಡುಮನೆಯಲ್ಲಿವೆ, ಎಕ್ಸ್‌ಎಫ್‌ಎಸ್‌ನವು ಅದರ ಸ್ವಂತ ಕೋಡಿನ ಪಕ್ಕದಲ್ಲಿವೆ. ಹಾಗೆ ಪಕ್ಕದಲ್ಲಿಟ್ಟುಕೊಳ್ಳುವವರು ತಮ್ಮ ಹೆಡರು ಎಲ್ಲಿದೆ ಎಂದು ಒಂದು ಹಾದಿಯನ್ನು ಬರೆದು ತಿಳಿಸಬೇಕು. ಆ ಹಾದಿಯನ್ನು ಲೆಕ್ಕ ಹಾಕುವುದು ಬರೆದವರ ಫೋಲ್ಡರಿನಿಂದಲ್ಲ, ನಡುಮನೆಯ ಕಡೆಯಿಂದ. ಹೊಸಬರು ಮೊದಲು ಎಡವುವುದು ಇಲ್ಲೇ. ಅಷ್ಟು ತೊಡಕಿದ್ದರೂ ಎಕ್ಸ್‌ಎಫ್‌ಎಸ್‌ನವರ ದಾರಿಯೇ ಸರಿ ಎಂದು ನನ್ನ ಅಭಿಪ್ರಾಯ. ಕೆವಿಎಂನವರು ಇನ್ನೂ ಒಂದು ಹೆಜ್ಜೆ ಮುಂದೆ. ಎಲ್ಲ ಪ್ರೊಸೆಸರುಗಳಿಗೂ ಸಲ್ಲುವ ಇವೆಂಟುಗಳನ್ನು ನಡುಮನೆಯಲ್ಲೂ ಇಂಟೆಲ್ ಮಾದರಿಗೆ ಮಾತ್ರ ಸಲ್ಲುವವನ್ನು ಆ ಕೋಡಿನ ಪಕ್ಕದಲ್ಲೂ ಇಟ್ಟು, ಎರಡಕ್ಕೂ ‘ಕೆವಿಎಂ’ ಎಂಬ ಒಂದೇ ಗುಂಪಿನ ಹೆಸರು ಕೊಟ್ಟಿದ್ದಾರೆ. ಯಂತ್ರ ಓಡುವಾಗ ನೋಡಿದರೆ ಎರಡೂ ಒಂದೇ ಫೋಲ್ಡರಿನಲ್ಲಿ ಕಾಣುತ್ತವೆ.

ಇವೆಂಟನ್ನು ಓದುವವರು ಸೋರ್ಸ್ ಕೋಡಿನ ಹೊರಗೂ ಇರುತ್ತಾರೆ. ಇದನ್ನು ಕರ್ನಲ್‌ನವರು 2011ರಲ್ಲಿ ಕಷ್ಟಪಟ್ಟು ಕಲಿತರು. ಇಡೀ ಕರ್ನಲ್‌ಗೆ ಒಂದೇ ಆಗಿದ್ದ ‘ಬಿಗ್ ಕರ್ನಲ್ ಲಾಕ್’ ಎಂಬ ಹಳೆಯ ಬೀಗವನ್ನು ತೆಗೆದುಹಾಕಿದ ಮೇಲೆ, ಪ್ರತಿ ಇವೆಂಟಿನ ತಲೆಯಲ್ಲಿ ಅದಕ್ಕೆಂದು ಇದ್ದ ಒಂದು ಸಂಖ್ಯೆಗೆ ಅರ್ಥ ಉಳಿಯಲಿಲ್ಲ. ಅದನ್ನು ತೆಗೆದರು. ಲ್ಯಾಪ್‌ಟಾಪಿನ ವಿದ್ಯುತ್ ಬಳಕೆ ಅಳೆಯುವ ಪವರ್‌ಟಾಪ್ ಕೂಡಲೇ ಕೆಟ್ಟಿತು. ಯಾವ ಮಾಹಿತಿ ಎಷ್ಟನೆಯ ಬೈಟಿನಲ್ಲಿದೆ ಎಂದು ಅದು ಗಟ್ಟಿಮಾಡಿಕೊಂಡು ಕುಳಿತಿತ್ತು. ಪ್ರತಿ ಇವೆಂಟಿನ ಜೊತೆಗೂ ಅದರ ವಿನ್ಯಾಸ ಹೇಳುವ ‘ಫಾರ್ಮ್ಯಾಟ್’ ಎಂಬ ಪಠ್ಯ ಫೈಲನ್ನು ಕರ್ನಲ್ ಕೊಡುತ್ತದೆ, ಪವರ್‌ಟಾಪ್ ಅದನ್ನು ಓದುತ್ತಿರಲಿಲ್ಲ. ಆದರೂ ಬಳಕೆದಾರರ ತಂತ್ರಾಂಶ ಕೆಡಿಸಬಾರದೆಂಬ ಕರ್ನಲ್‌ನ ನಿಯಮ ಗೆದ್ದಿತು. ಖಾಲಿಯಾದ ಜಾಗಕ್ಕೆ ಅಷ್ಟೇ ಅಗಲದ ಅರ್ಥವಿಲ್ಲದ ತುಂಬುವಿಕೆಯನ್ನು ಮರಳಿ ಇಟ್ಟರು. ಅದಾದ ಮೇಲೆ ಕೆಲವು ಭಾಗಗಳ ಉಸ್ತುವಾರಿಗಳು ಹೊಸ ಇವೆಂಟುಗಳನ್ನು ಒಳಗೆ ಬಿಡಲು ಹಿಂಜರಿದರು, ಅವರ ಅಂಜಿಕೆಯಲ್ಲಿ ಹುರುಳಿದೆ.

ಕ್ಯೂಎಮುವಿನಲ್ಲಿ ಈ ಭಾರ ಕಡಿಮೆ. ಅಲ್ಲಿನ ಇವೆಂಟುಗಳನ್ನು ಬರೆಯುವುದು ಮುಖ್ಯವಾಗಿ ಆ ಕೋಡಿನಲ್ಲೇ ಕೆಲಸ ಮಾಡುವವರಿಗಾಗಿ. ಒಂದು ಹಳೆಯ ಸಾಧನದ ಕೋಡನ್ನು ಕ್ಯೂಎಮುವಿನಿಂದ ತೆಗೆಯುವ ದಿನವನ್ನು ಕಲ್ಪಿಸಿಕೊಳ್ಳಿ. ವಿವರಣೆಗಳು ಬೇರಿನ ಫೈಲಿನಲ್ಲಿದ್ದ ಕಾಲದಲ್ಲಿ ಕೋಡು ಹೋದರೂ ಸಾವಿರ ಸಾಲುಗಳ ನಡುವೆ ಅದರ ಇವೆಂಟುಗಳು ಕಣ್ತಪ್ಪಿ ಉಳಿಯಬಹುದಿತ್ತು. ಯಾರೂ ಕರೆಯದ ಆ ಹೆಸರುಗಳು ಪಟ್ಟಿಯಲ್ಲಿ ಕಾಣಿಸಿಕೊಂಡು, ತೆರೆದರೂ ಏನೂ ಬಾರದೆ, ದೋಷ ಹುಡುಕುವವರ ದಾರಿ ತಪ್ಪಿಸುತ್ತವೆ. ಈಗ ಸೋರ್ಸ್ ಫೈಲೂ ಅದರ ಹೆಸರಿನ ಟಿಪ್ಪಣಿಯ ಕೆಳಗಿರುವ ಇವೆಂಟುಗಳೂ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ತೆಗೆಯುವವರು ಒಂದೇ ಪ್ಯಾಚಿನಲ್ಲಿ ಎರಡನ್ನೂ ತೆಗೆಯುತ್ತಾರೆ, ಮರೆತರೆ ಆ ಫೋಲ್ಡರನ್ನು ನೋಡಿಕೊಳ್ಳುವವರು ಪರಿಶೀಲನೆಯಲ್ಲೇ ಹಿಡಿಯುತ್ತಾರೆ.